ಕೂಸಿಲ್ಲದ ಗೋದಲಿ

ಮೂರು ರಾಜರ ಹಬ್ಬದ ಮರುವಾರ, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರಗಳು. ನಿಮಗೆ ಬರುವ ಪತ್ರಗಳನ್ನು ಮೊದಲು ನಿಮ್ಮ ಮಠದ ಮದರ್ ಓದುತ್ತಾರೆಂದು ಗೊತ್ತು, ಆದ್ದರಿಂದ ಅವರಿಗೂ ನಮಸ್ಕಾರಗಳು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ನಿಮ್ಮ ಮಠದೊಳಗೆ ಪತ್ರ ಬಿಡುವುದಿಲ್ಲ, ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸು ಕಾಲದಲ್ಲೂ ಬಿಡುವುದಿಲ್ಲ. ಹಾಗಾಗಿ ಕ್ರಿಸ್ಮಸ್ಸಿಗೂ ಬೂದಿ ಬುಧವಾರಕ್ಕೂ ನಡುವಿನ ಈ ಕಿಂಡಿಯಲ್ಲಿ ಬರೆಯುತ್ತಿದ್ದೇನೆ.

ಅತ್ತೆ ಚೆನ್ನಾಗಿದ್ದಾರೆ. ಮಂಡಿಯೊಂದು ಮಾತ್ರ ಅವರ ಮಾತು ಕೇಳುವುದಿಲ್ಲ. ಮನೆಯಲ್ಲಿ ಅವರ ಮಾತು ಕೇಳದಿರುವುದು ಅದೊಂದೇ. ಮೆಟ್ಟಿಲು ಇಳಿಯುವಾಗ ಕಟಕಟೆ ಹಿಡಿದುಕೊಂಡು ಅದನ್ನು ಬೈಯುತ್ತಾ ಇಳಿಯುತ್ತಾರೆ. ಆದರೂ ಬೆಳಗಿನ ಪೂಜೆಗೆ ನನಗಿಂತ ಮೊದಲೇ ಹೋಗಿ ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಚರ್ಚಿನ ಪಕ್ಕದ ಬಾಗಿಲಿನ ಹಳೆಯ ಬೀಗದ ಕೈ ಇನ್ನೂ ಅವರ ಜಪಸರದ ಚೀಲದಲ್ಲೇ ಇದೆ. ಗಂಟೆ ಹೊಡೆಯುವ ಮುದುಕ, ನೀವು ಚಿಕ್ಕವರಿದ್ದಾಗ ‘ಮೊಂಬತ್ತಿ’ ಎಂದು ಕರೆಯುತ್ತಿದ್ದಿರಲ್ಲ, ಅವನು ವಾಪಸು ಕೇಳಿದ. “ನಾನು ಸತ್ತ ಮೇಲೆ ಚೀಲದ ಸಮೇತ ತಗೋ” ಅಂದರು. ಅವನು ಇನ್ನೊಮ್ಮೆ ಕೇಳಲಿಲ್ಲ.

ಚರ್ಚಿನಲ್ಲಿ ಗುರುಗಳು ತೊಡುವ ಪೂಜಾವಸ್ತ್ರಗಳ ಕೆಲಸ ನಡೆಯುತ್ತಿದೆ. ಅತ್ತೆ ಮಾಡುತ್ತಿದ್ದುದನ್ನು ಅವರ ಮಂಡಿ ಕೈಕೊಟ್ಟ ಮೇಲೆ ನಾನು ಮಾಡುತ್ತಿದ್ದೇನೆ. ಹಿಂದಿನ ಸಂಜೆ ಹೋಗಿ ಮರುದಿನದ ಪೂಜೆಗೆ ತಕ್ಕ ಬಣ್ಣದ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿ ಇಡುವುದು, ಕೈವಸ್ತ್ರಗಳನ್ನು ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡುವುದು, ಹೊಲಿಗೆ ಬಿಟ್ಟಲ್ಲಿ ಹೊಲಿಯುವುದು. ಬಿಳಿಯದು ಮೇಲಿನ ಖಾನೆ, ಅದರ ಕೆಳಗೆ ಕೆಂಪು, ಹಸಿರು, ನೇರಳೆ. ಎಲ್ಲಕ್ಕಿಂತ ಕೆಳಗೆ ತೆಳ್ಳನೆಯ ಖಾನೆಯಲ್ಲಿ ಗುಲಾಬಿ. ಅದು ವರ್ಷಕ್ಕೆ ಎರಡೇ ಭಾನುವಾರ ಗಾಳಿ ಕಾಣುತ್ತದೆ. ನಿನ್ನೆ ಬಿಳಿಯದನ್ನು ಒಳಗಿಟ್ಟು ಹಸಿರನ್ನು ಹೊರಗೆ ತೆಗೆದೆ. ಅತ್ತೆ ಬಂದು ನಾನು ಮಡಿಸಿದ್ದನ್ನು ನೋಡಿದರು. ನಿಮಗೆ ಗೊತ್ತಲ್ಲ, ಅವರು ಎಡಗೈಯವರು. ಅವರು ಮಡಿಸಿದ ಬಟ್ಟೆಯ ಅಂಚು ಯಾವಾಗಲೂ ಎಡಕ್ಕೆ ಬರುತ್ತದೆ, ನನ್ನದು ಬಲಕ್ಕೆ. “ಇಷ್ಟು ವರ್ಷ ಆಯ್ತು, ಇನ್ನೂ ಉಲ್ಟಾ ಮಡಿಸ್ತೀಯಲ್ಲೇ” ಅಂದರು. “ಉಲ್ಟಾ ಯಾರದು ಅಂತ ಫಾದರ್ ಹತ್ರ ಕೇಳೋಣ” ಅಂದೆ. ನಕ್ಕರು. ನಾವು ನಗುವುದೇ ಇಲ್ಲ ಅಂತ ನೀವು ತಿಳಿಯಬಾರದು.

ಈ ಕ್ರಿಸ್ಮಸ್ಸಿನಲ್ಲೂ ಮನೆಯ ಗೋದಲಿಯಲ್ಲಿ ಕೂಸು ಇರಲಿಲ್ಲ.

ನೀವು ಮಠಕ್ಕೆ ಹೋದ ಮೇಲೆ ಶುರುವಾದದ್ದು ಇದು, ಯಾರೂ ನಿಮಗೆ ಬರೆದಿರಲಾರರು. ನಿಮ್ಮ ತಮ್ಮ ಕೆಲಸ ಮಾಡುತ್ತಿದ್ದ ಸರಕು ಹಡಗು ಮುಳುಗಿದ ಸುದ್ದಿ ಬಂದದ್ದು ಕ್ರಿಸ್ಮಸ್ಸಿಗೆ ಸ್ವಲ್ಪ ಮುಂಚೆ. ಕೆಲವರ ದೇಹ ದಡಕ್ಕೆ ಬಂತು. ಎಂಜಿನ್ ಕೋಣೆಯಲ್ಲಿದ್ದವರದು ಬರಲಿಲ್ಲ, ನಿಮ್ಮ ತಮ್ಮನದೂ ಬರಲಿಲ್ಲ. ಆ ವರ್ಷ ಅತ್ತೆ ಗೋದಲಿ ಕಟ್ಟಿದರು, ಕುರಿ, ಕತ್ತೆ, ಕುರುಬರು ಎಲ್ಲರನ್ನೂ ಇಟ್ಟರು. ಬಾಲಯೇಸುವಿನ ಮೂರ್ತಿಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು ಮನೆಯ ಪೀಠದ ಮರಿಯಮ್ಮನ ಮೂರ್ತಿಯ ಮುಂದೆ ನಿಂತು, “ನನ್ನ ಮಗನನ್ನ ಕೊಡು, ನಿನ್ನ ಮಗನನ್ನ ಕೊಡ್ತೀನಿ” ಅಂದರು. ಆಮೇಲೆ ಕೂಸನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ದುಃಖದಲ್ಲಿ ಆಡಿದ ಮಾತು, ಮುಂದಿನ ವರ್ಷಕ್ಕೆ ಸರಿಹೋಗುತ್ತದೆ ಅಂದುಕೊಂಡೆ. ಒಂಬತ್ತು ವರ್ಷವಾಯಿತು. ಪ್ರತಿ ವರ್ಷ ಹುಲ್ಲು ಹಾಸಿದ ಖಾಲಿ ತೊಟ್ಟಿಯ ಮುಂದೆ ನಾವಿಬ್ಬರೂ ಮಂಡಿಯೂರಿ ಹಾಡುತ್ತೇವೆ. ಕುರುಬರೂ ರಾಜರೂ ಹುಲ್ಲನ್ನು ನೋಡಿಕೊಂಡು ನಿಂತಿರುತ್ತಾರೆ.

ನಾನು ವಾರಕ್ಕೊಮ್ಮೆ ನಿಮ್ಮ ತಮ್ಮನ ಅಂಗಿಗಳನ್ನು ಇಸ್ತ್ರಿ ಮಾಡುತ್ತೇನೆ. ಬಂದಾಗ ತೊಡಲು ಬೇಕಲ್ಲ ಎನ್ನುತ್ತಾರೆ ಅತ್ತೆ. ನೀಲಿ ಅಂಗಿಯ ಕಾಲರ್ ಸವೆದು ಎಳೆ ಬಿಟ್ಟಿದೆ. ಯಾರೂ ತೊಡದೆ, ಬರೀ ಇಸ್ತ್ರಿಯಿಂದಲೇ ಸವೆದದ್ದು. ಅದನ್ನು ಹೋದ ವಾರ ತಿರುಗಿಸಿ ಹೊಲಿದೆ.

ಅಕ್ಕ, ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಬೇರೆ ಊರಿನಲ್ಲಿ ಪೂಜಾವಸ್ತ್ರ ಹೊಲಿಯುವ ಮನೆಯೊಂದಿದೆ, ಕನ್ಯಾಸ್ತ್ರೀಯರು ನಡೆಸುವುದು. ಅಲ್ಲಿನ ದೊಡ್ಡ ಸಿಸ್ಟರ್ ಇಲ್ಲಿಗೆ ಬಂದಿದ್ದಾಗ ಕೆಂಪು ಬಟ್ಟೆಯಲ್ಲಿ ನಾನು ಹಾಕಿದ ತೇಪೆಯನ್ನು ಬೆರಳಿನಿಂದ ಹುಡುಕಿ ಹುಡುಕಿ ಸೋತರು. “ನಮ್ಮಲ್ಲಿಗೆ ಬಂದ್ಬಿಡಮ್ಮ. ಕೋಣೆ ಇದೆ, ಕಿಟಕಿ ಪಕ್ಕ ಮೆಷಿನ್ ಇದೆ” ಎಂದರು. ಮುಂದಿನ ಆಗಮನ ಕಾಲ ಶುರುವಾಗುವವರೆಗೆ ಜಾಗ ಖಾಲಿ ಇಟ್ಟಿರುತ್ತಾರಂತೆ. ಮನೆಯಲ್ಲಿ ಒಪ್ಪಿಸಿಕೊಂಡು ಬರಬೇಕು ಅಷ್ಟೆ.

ಅತ್ತೆಗೆ ಹೇಳಿದೆ. “ಗಂಡ ಬಂದು ಬಾಗಿಲು ತಟ್ಟಿದಾಗ ಹೆಂಡತಿ ಮನೇಲಿರಬೇಕು” ಅಂದರು. ಅಲ್ಲಿಗೆ ಮಾತು ಮುಗಿಯಿತು.

ನಾನು ಹೆಂಡತಿಯೋ ವಿಧವೆಯೋ ನನಗೇ ತಿಳಿಯದು. ಅವರ ಆತ್ಮಕ್ಕಾಗಿ ಒಂದು ಪೂಜೆ ಆಗಬೇಕು. ಒಂದೇ ಒಂದು ಸಲ ಅವರ ಹೆಸರನ್ನು ಸತ್ತವರ ಜೊತೆ ಓದಬೇಕು. ಆಮೇಲೆ ಅಳುತ್ತೇನೆ, ಆಮೇಲೆ ಹೋಗುತ್ತೇನೆ. ಅತ್ತೆ ಈ ಲೋಕದಲ್ಲಿ ಒಬ್ಬರ ಮಾತು ಕೇಳುತ್ತಾರೆ, ಅದು ನಿಮ್ಮದು. ಅವರಿಗೆ ಬರೆಯಿರಿ.

ಇತಿ,
ನಿಮ್ಮ ತಮ್ಮನ ಹೆಂಡತಿ

ಈಸ್ಟರ್ ವಾರ, ಗುರುವಾರ

ಪ್ರೀತಿಯ ಅಕ್ಕನಿಗೆ,

ಈಸ್ಟರ್ ಹಬ್ಬದ ಶುಭಾಶಯಗಳು. ಬೂದಿ ಬುಧವಾರಕ್ಕೆ ಮುಂಚೆ ನಿಮ್ಮ ಕಾರ್ಡು ಬಂತು. ‘ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ, ದೇವರ ವೇಳೆಗಾಗಿ ಕಾಯಿರಿ’ ಎಂದು ಬರೆದಿದ್ದೀರಿ. ನಿಮ್ಮ ಅಕ್ಷರ ಈಗಲೂ ಚೆಂದ. ಆದರೆ ಅಕ್ಕ, ಕಾಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಮನೆಯಲ್ಲಿ ನಡೆಯುವ ಕೆಲಸ ಅದೊಂದೇ.

ಬೇಸರದಿಂದ ಬರೆದುಬಿಟ್ಟೆ. ಮದರ್ ಕ್ಷಮಿಸಬೇಕು. ಹೊಡೆದು ಹಾಕಿದರೆ ಪುಟ ಕೊಳಕಾಗುತ್ತದೆಂದು ಹಾಗೇ ಬಿಟ್ಟಿದ್ದೇನೆ.

ತಪಸ್ಸು ಕಾಲ ಎಂದಿನಂತೆ ನಡೆಯಿತು. ಅತ್ತೆ ಚಹಾಕ್ಕೆ ಸಕ್ಕರೆ ಬಿಟ್ಟರು, ಹಾಗಾಗಿ ನಾನೂ ಬಿಟ್ಟೆ. ಶುಕ್ರವಾರಗಳಲ್ಲಿ ಶಿಲುಬೆಯ ಹಾದಿ, ಯೇಸುವಿನ ಕಡೆಯ ನಡಿಗೆಯ ಹದಿನಾಲ್ಕು ನಿಲ್ದಾಣಗಳ ಪ್ರಾರ್ಥನೆ. ಮಂಡಿ ನೋವಿದ್ದರೂ ಪ್ರತಿ ನಿಲ್ದಾಣದಲ್ಲೂ ಮಂಡಿಯೂರುತ್ತಾರೆ, ಏಳುವಾಗ ನನ್ನ ಹೆಗಲಿಗೆ ಭಾರ ಹಾಕುತ್ತಾರೆ. ಹಾಡು ಹೇಳಿಸುವ ಹಾರ್ಮೋನಿಯಂ ಟೀಚರ್ ಈಗಲೂ ಎಲ್ಲರಿಗಿಂತ ಒಂದು ಸಾಲು ಹಿಂದೆ ಇರುತ್ತಾಳೆ. ಅತ್ತೆ ಎಲ್ಲರಿಗೂ ಕೇಳುವಂತೆ, “ಇವಳ ಹಾಡು ಮುಗಿಯೋ ಹೊತ್ತಿಗೆ ಯೇಸು ಸ್ವಾಮಿ ಮೂರು ಸಲ ಎದ್ದು ಬರ್ತಾನೆ” ಅಂದರು. ಟೀಚರ್ ತಿರುಗಿ ನೋಡಿ, “ನೀವು ಬಾಯಿ ಮುಚ್ಚಿದ್ರೆ ಬೇಗ ಮುಗಿಸ್ತೀನಿ ದೊಡ್ಡಮ್ಮ” ಅಂದಳು. ಇಬ್ಬರಿಗೂ ಅದೊಂದು ಸಮಾಧಾನ.

ಕೊನೆಯ ಎರಡು ವಾರ ವಾಡಿಕೆಯಂತೆ ಚರ್ಚಿನ ಎಲ್ಲ ಮೂರ್ತಿಗಳಿಗೆ ನೇರಳೆ ಬಟ್ಟೆ ಹೊದಿಸಿದೆ. ಮನೆಯ ಮರಿಯಮ್ಮನಿಗೂ ಒಂದು ತುಂಡು ಹೊಲಿದು ತಂದಿದ್ದೆ. ಅತ್ತೆ ಬಿಡಲಿಲ್ಲ. “ಅವಳು ನನ್ನಿಂದ ಮುಖ ಮರೆಸ್ಕೊಳ್ಳೋದು ಬೇಡ. ನಮ್ಮಿಬ್ಬರ ಮಾತು ಇನ್ನೂ ಮುಗಿದಿಲ್ಲ” ಅಂದರು. ಹಾಗಾಗಿ ನಮ್ಮ ಮನೆಯಲ್ಲಿ ಮರಿಯಮ್ಮ ಒಬ್ಬಳೇ ಕಣ್ಣು ಬಿಟ್ಟುಕೊಂಡು ಕೂತಿದ್ದಳು. ನನಗೇನೋ ಅವಳೂ ಇಲ್ಲಿಂದ ಎದ್ದು ಹೋಗಲು ಕಾಯುತ್ತಿರುವ ಹಾಗೆ ಕಂಡಿತು.

ಪವಿತ್ರ ಗುರುವಾರದ ಪೂಜೆಯಾದ ಮೇಲೆ ಬಲಿಪೀಠದ ಬಟ್ಟೆಗಳನ್ನೆಲ್ಲ ತೆಗೆಯುವುದು ನನ್ನ ಕೆಲಸ. ಹೂದಾನಿ, ದೀಪ, ಬಟ್ಟೆ ಒಂದೊಂದಾಗಿ ಹೊರಗೆ ಹೋಗಿ ಕೊನೆಗೆ ಬರೀ ಕಲ್ಲು ಉಳಿಯುತ್ತದೆ. ಪರಮಪ್ರಸಾದದ ಪೆಟ್ಟಿಗೆಯನ್ನು ಖಾಲಿ ಮಾಡಿ ಬಾಗಿಲು ತೆರೆದೇ ಬಿಡುತ್ತಾರೆ. ಗಂಟೆ ಹೊಡೆಯುವುದಿಲ್ಲ, ಮೊಂಬತ್ತಿ ಮರದ ಗಿಲಕಿ ಆಡಿಸಿಕೊಂಡು ಹೋಗುತ್ತಾನೆ. ಎಲ್ಲರಿಗೂ ಮರುದಿನದ ಶುಭ ಶುಕ್ರವಾರ ಭಾರ. ನನಗೆ ವರ್ಷದಲ್ಲಿ ಅದೊಂದೇ ದಿನ ಹಗುರ. ಅವತ್ತು ಊರೆಲ್ಲ ಒಬ್ಬ ಸತ್ತವನಿಗಾಗಿ ಅಳುತ್ತದೆ, ಅವರ ನಡುವೆ ನಾನೂ ಅತ್ತರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಅತ್ತೆಯೂ ಕೇಳುವುದಿಲ್ಲ. ಈ ಸಲ ಅವರೂ ಅಳುತ್ತಿದ್ದರು. ಯಾರಿಗಾಗಿ ಅಂತ ನಾನೂ ಕೇಳಲಿಲ್ಲ.

ಶನಿವಾರದ ಜಾಗರಣೆಯಲ್ಲಿ ಹೊಸ ಬೆಂಕಿ, ದೊಡ್ಡ ಮೇಣದಬತ್ತಿ, ಅದರಿಂದ ಎಲ್ಲರ ಕೈಗೂ ಬೆಳಕು. ಹೆಂಗಸರು ಯೇಸುವಿನ ಸಮಾಧಿಗೆ ಹೋದರು, ಕಲ್ಲು ಉರುಳಿತ್ತು ಎಂದು ಗುರುಗಳು ಓದಿದರು. ಆ ಹೆಂಗಸರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವರಿಗೆ ಹೋಗಲು ಒಂದು ಸಮಾಧಿಯಾದರೂ ಇತ್ತು.

ಸೋಮವಾರ ಗುರುಗಳ ಹತ್ತಿರ ಹೋಗಿ ನಿಮ್ಮ ತಮ್ಮನ ಆತ್ಮಕ್ಕಾಗಿ ಪೂಜೆ ಕೇಳಿದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. “ಅಮ್ಮ ದಿನಾ ಬಂದು ಅವನು ವಾಪಸ್ ಬರಲಿ ಅಂತ ಪ್ರಾರ್ಥನೆಗೆ ಹೆಸರು ಕೊಡ್ತಾರೆ. ಅದೇ ಹೆಸರನ್ನ ನಾನು ಸತ್ತವರ ಜೊತೆ ಹೇಗಮ್ಮ ಓದಲಿ? ಅವರು ಮುಂದಿನ ಬೆಂಚಲ್ಲೇ ಕೂತಿರ್ತಾರೆ. ನೀವಿಬ್ಬರೂ ಒಂದು ಮಾತಿಗೆ ಬನ್ನಿ, ಅವತ್ತೇ ಮಾಡಿಸೋಣ” ಎಂದರು. ಅವರು ಹೇಳಿದ್ದು ಸರಿ. ಈ ಮನೆಯ ಸುತ್ತ ಎಲ್ಲರೂ ಸರಿಯಾದದ್ದನ್ನೇ ಹೇಳುತ್ತಾರೆ.

ಅಕ್ಕ, ನೀವು ಮಠದ ಕಂಬಿಜಾಲದ ಒಳಗೆ ಹೋಗುವಾಗ ನಾನು ಅಳುತ್ತಿದ್ದೆ, ನೆನಪಿದೆಯೇ? ನೀವು ಬೆರಳು ಹೊರಗೆ ಚಾಚಿ, “ಅಳಬೇಡ, ನಾನೇ ಬೇಕು ಅಂತ ಬಂದಿದ್ದು” ಎಂದಿರಿ. ಆ ಮಾತನ್ನು ಈಚೆಗೆ ಬಹಳ ಯೋಚಿಸುತ್ತೇನೆ.

ಇತಿ,
ನಿಮ್ಮ ತಮ್ಮನ ಹೆಂಡತಿ

ತಾ.ಕ.: ಪ್ರಾರ್ಥನೆ ಬೇಡ ಅನ್ನುತ್ತಿಲ್ಲ. ಜೊತೆಗೆ ಒಂದು ಪತ್ರವನ್ನೂ ಬರೆಯಿರಿ.

ಹಸಿರು ಕಾಲ, ಮಾತೆಯ ಸ್ವರ್ಗಾರೋಹಣದ ಮರುವಾರ

ಪ್ರೀತಿಯ ಅಕ್ಕನಿಗೆ,

ನೀವು ಅತ್ತೆಗೆ ಬರೆದ ಪತ್ರ ತಲುಪಿತು. ಅವರ ಕಣ್ಣಿಗೆ ನಿಮ್ಮ ಸಣ್ಣ ಅಕ್ಷರ ಕಾಣುವುದಿಲ್ಲ, ಆದ್ದರಿಂದ ನಾನೇ ಓದಿ ಹೇಳಬೇಕಾಯಿತು. ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಗಟ್ಟಿಯಾಗಿ ಓದಲು ಶುರು ಮಾಡಿದೆ. ‘ಅಮ್ಮ, ಸುದ್ದಿ ಬಂದ ಮೊದಲ ವರ್ಷದಿಂದಲೂ ನಾನು ತಮ್ಮನಿಗಾಗಿ ಮೃತರ ಪ್ರಾರ್ಥನೆಯನ್ನೇ ಮಾಡುತ್ತಿದ್ದೇನೆ. ನಿನಗೆ ಹೇಳುವ ಧೈರ್ಯ ಇರಲಿಲ್ಲ’ ಎನ್ನುವಲ್ಲಿಗೆ ಬಂದಾಗ ತಲೆಯೆತ್ತಿ ನೋಡಿದೆ. ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ.

“ಮುಂದೆ ಓದು” ಅಂದರು.

“ಇಷ್ಟೇ ಇದೆ ಅತ್ತೆ. ಆಮೇಲೆ ನಿಮ್ಮ ಮಂಡಿ ಹೇಗಿದೆ ಅಂತ ಕೇಳಿದ್ದಾರೆ.”

“ಮಂಡಿ ಕೇಳಿದ್ದಾಳಾ? ಸಂತೋಷ” ಅಂದರು. ಇನ್ನೊಂದು ಹಿಡಿ ಬಿಡಿಸಿ, “ಕಂಬಿ ಹಿಂದೆ ಕೂತೋಳಿಗೆ ಏನು ಗೊತ್ತು ಹೊರಗಿನ ವಿಷಯ” ಅಂದರು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ಅದರ ಸರಳು ಹಿಡಿದುಕೊಂಡು ಬೀದಿ ನೋಡುತ್ತಾ ನಿಂತರು. ಸಿಪ್ಪೆಯನ್ನೆಲ್ಲ ಕಾಳಿನ ಪಾತ್ರೆಗೆ ಹಾಕಿದ್ದರು, ಕಾಳನ್ನು ಕಸದ ಬುಟ್ಟಿಗೆ. ಅವರಿಗೆ ಕಾಣದ ಹಾಗೆ ಎಲ್ಲವನ್ನೂ ಆರಿಸಿಟ್ಟೆ.

ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಇಲ್ಲಿ ದಿನವೂ ಹಸಿರೇ. ಹಬ್ಬವಿಲ್ಲ, ಉಪವಾಸವಿಲ್ಲ. ಒಂದೇ ಬಟ್ಟೆಯನ್ನು ತೆಗೆಯುವುದು, ಒಂದೇ ಬಟ್ಟೆಯನ್ನು ಇಡುವುದು. ವಾರಕ್ಕೊಂದು ಸಂಜೆ ಅಂಗಿಗಳ ಇಸ್ತ್ರಿ.

ಬರೆದದ್ದಕ್ಕೆ ನಿಮಗೆ ಋಣಿ. ಫಲ ಸಿಗದಿದ್ದರೂ ಋಣಿ.

ಇತಿ,
ನಿಮ್ಮ ತಮ್ಮನ ಹೆಂಡತಿ

ಕ್ರಿಸ್ತರಾಜರ ಹಬ್ಬದ ವಾರ, ಶುಕ್ರವಾರ

ಪ್ರೀತಿಯ ಅಕ್ಕ,

ನಾಡಿದ್ದು ಆಗಮನ ಕಾಲ ಶುರು. ಈ ಪತ್ರ ನಿಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಒಳಗೆ ಬಿಡದ ಕಾಲ ಬಂದಿರುತ್ತದೆ. ಮದರ್ ಇದನ್ನು ಮೇಜಿನ ಖಾನೆಯಲ್ಲಿಟ್ಟು ಕ್ರಿಸ್ಮಸ್ ದಿನ ನಿಮಗೆ ಕೊಡುತ್ತಾರೆ. ಅಲ್ಲಿಯವರೆಗೆ ಕಾಯಲಾರದೆ ಈಗಲೇ ಬರೆಯುತ್ತಿದ್ದೇನೆ.

ಮೃತರ ಸ್ಮರಣೆಯ ದಿನ ಎಂದಿನಂತೆ ನೇರಳೆ ಬಟ್ಟೆ ಇಸ್ತ್ರಿ ಮಾಡಿಟ್ಟೆ. ಗುರುಗಳು ಹೆಸರುಗಳನ್ನು ಓದಿದರು, ಓದಿದ ಹಾಗೆ ಒಂದೊಂದು ಮನೆಯವರು ಹೋಗಿ ಮೇಣದಬತ್ತಿ ಹಚ್ಚಿದರು. ಮೊಂಬತ್ತಿ ತನ್ನ ಹೆಂಡತಿಗೆ ಹಚ್ಚಿದ. ಟೀಚರ್ ತನ್ನ ತಂದೆಗೆ ಹಚ್ಚಿದಳು. ನಾವಿಬ್ಬರೂ ಬೆಂಚಿನಲ್ಲಿ ಕೂತೇ ಇದ್ದೆವು. ಅತ್ತೆ ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ಹೊಲಿಗೆ ಮನೆಯ ಸಿಸ್ಟರಿಗೆ ‘ಆಗುವುದಿಲ್ಲ’ ಎಂದು ಬರೆಯಬೇಕೆಂದು ಅಲ್ಲಿ ಕೂತೇ ತೀರ್ಮಾನ ಮಾಡಿದೆ. ಬಂದು ಕಾಗದ ತೆಗೆದೆ. ಮೊದಲ ಸಾಲೇ ಬರಲಿಲ್ಲ. ನಾಳೆ ನೋಡೋಣ ಎಂದು ಎತ್ತಿಟ್ಟೆ.

ಆಮೇಲಿನ ವಾರ ನಮ್ಮ ಗುರುಗಳು ಊರಿನಲ್ಲಿರಲಿಲ್ಲ. ಅವರ ಬದಲು ಒಬ್ಬ ನಿವೃತ್ತ ಗುರುಗಳು ಬಂದಿದ್ದರು. ಕಿವಿ ಸ್ವಲ್ಪ ಮಂದ, ಮಾತು ಮೃದು. ಮೇಜಿನ ಮೇಲೆ ಯಾವ ಬಣ್ಣ ಇಟ್ಟಿದೆಯೋ ಅದನ್ನು ತೊಟ್ಟು ಆ ಬಣ್ಣಕ್ಕೆ ತಕ್ಕ ಪೂಜೆ ಮಾಡುವವರು. ಮೊದಲ ದಿನವೇ ನನಗೆ ಹೇಳಿದ್ದರು: “ನನಗೆ ಈಗ ತಾರೀಖು ನೆನಪಿರಲ್ಲಮ್ಮ. ನೀನು ಇಟ್ಟದ್ದೇ ನನ್ನ ಕ್ಯಾಲೆಂಡರು.” ಅತ್ತೆ ಪಕ್ಕದಲ್ಲೇ ಇದ್ದರು. “ಹುಷಾರು ಫಾದರ್, ಇವಳು ಉಲ್ಟಾ ಮಡಿಸೋಳು” ಅಂದರು.

ಬುಧವಾರ ಬೆಳಿಗ್ಗೆ ನಾನು ಹೊರಡುವಾಗ ಅತ್ತೆ ತಡೆದರು. ಕೈವಸ್ತ್ರಕ್ಕೆ ಗಂಜಿ ಸಾಲದು, ಇನ್ನೊಂದು ಸಲ ಅದ್ದಿ ಇಸ್ತ್ರಿ ಮಾಡಿ ತಾ, ನಾನು ಮುಂದೆ ಹೋಗಿರುತ್ತೇನೆ ಎಂದರು. ಗಂಜಿ ಸರಿಯಾಗಿಯೇ ಇತ್ತು. ಆದರೆ ಬೆಳಿಗ್ಗೆ ಬೆಳಿಗ್ಗೆ ಮಾತಿಗೆ ಮಾತು ಬೆಳೆಸುವುದು ಯಾಕೆಂದು ಇಸ್ತ್ರಿ ಪೆಟ್ಟಿಗೆ ಕಾಯಿಸಿದೆ. ಚರ್ಚಿಗೆ ಓಡಿ ಬಂದು ಬೆಂಚು ಸೇರುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಗುರುಗಳು ಹೊರಗೆ ಬಂದರು. ನೇರಳೆ ತೊಟ್ಟಿದ್ದರು.

ಹಸಿರು ಇಡಬೇಕಾದ ದಿನ. ನನ್ನ ಕೈ ಹೇಗೆ ತಪ್ಪಿತು? ಹಿಂದಿನ ಸಂಜೆ ನಾನೇ ಇಟ್ಟದ್ದು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಕಾಲದಲ್ಲಿ ನೇರಳೆಯೆಂದರೆ ಸತ್ತವರ ಪೂಜೆ, ಇವತ್ತು ಯಾರ ಆತ್ಮಕ್ಕೆ ಎಂದು ಯಾರಿಗೂ ಗೊತ್ತಿಲ್ಲ. ಟೀಚರ್ ಯಾವ ಹಾಡು ಹಿಡಿಯಬೇಕೆಂದು ತಿಳಿಯದೆ ಹಾರ್ಮೋನಿಯಂ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಪೂಜೆ ಆರಂಭಿಸುವ ಮೊದಲು ಗುರುಗಳು ನಮ್ಮ ಕಡೆ ಬಗ್ಗಿ, “ಇವತ್ತು ಯಾರಿಗಾಗಿ ಪ್ರಾರ್ಥಿಸೋಣ?” ಎಂದು ಕೇಳಿದರು.

ಎಲ್ಲರೂ ನನ್ನನ್ನು ನೋಡಿದರು, ಬಟ್ಟೆ ಇಡುವವಳು ನಾನೇ ಅಲ್ಲವೇ. ‘ತಪ್ಪಾಯಿತು ಫಾದರ್, ಬಟ್ಟೆ ಬದಲಾಗಿದೆ’ ಎನ್ನಬಹುದಿತ್ತು. ಅವರು ನಕ್ಕು ಒಳಗೆ ಹೋಗಿ ಹಸಿರು ತೊಟ್ಟು ಬರುತ್ತಿದ್ದರು. ಏಳಲು ಹೊರಟಾಗ ಅತ್ತೆಯ ಕೈ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿಯಿತು. ಕೂರಿಸಲು ಹಿಡಿದರೋ ಏಳಿಸಲು ಹಿಡಿದರೋ ತಿಳಿಯಲಿಲ್ಲ. ಎದ್ದೆ. ನಿಮ್ಮ ತಮ್ಮನ ಹೆಸರು ಹೇಳಿದೆ.

ಆ ಹೆಸರನ್ನು ನಾನು ಗಟ್ಟಿಯಾಗಿ ಹೇಳಿ ಎಷ್ಟು ಕಾಲವಾಗಿತ್ತು! ಗುರುಗಳಿಗೆ ಕೇಳಿಸಲಿಲ್ಲ, ಕಿವಿಗೆ ಕೈ ಇಟ್ಟರು. ಇನ್ನೊಮ್ಮೆ ಹೇಳಿದೆ, ಚರ್ಚಿಗೆಲ್ಲ ಕೇಳುವಂತೆ. “ಹೊಸದಾಗಿ ತೀರಿಕೊಂಡವರಾ?” ಎಂದರು. ಪಕ್ಕದಿಂದ ಅತ್ತೆ, “ಹಳೇದು ಫಾದರ್. ಹಡಗಿನಲ್ಲಿ” ಅಂದರು.

ಅಷ್ಟೇ. ಪೂಜೆ ನಡೆಯಿತು. ಅವರ ಹೆಸರು ಬಂದಾಗಲೆಲ್ಲ ಅತ್ತೆ ಎಲ್ಲರಿಗಿಂತ ಜೋರಾಗಿ ಉತ್ತರ ಕೊಟ್ಟರು. ‘ನಿತ್ಯ ವಿಶ್ರಾಂತಿಯನ್ನು ಇವರಿಗೆ ದಯಪಾಲಿಸಿ’ ಎನ್ನುವಾಗ ಮಾತ್ರ ಅವರ ದನಿ ನಿಂತುಹೋಯಿತು, ಉಳಿದದ್ದನ್ನು ನಾನು ಹೇಳಿದೆ. ಟೀಚರ್ ಅವತ್ತು ಹಾಡಿನಲ್ಲಿ ಹಿಂದೆ ಬೀಳಲಿಲ್ಲ.

ಮನೆಗೆ ಬಂದು ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಒಂಬತ್ತು ವರ್ಷದ್ದೆಲ್ಲ ಒಟ್ಟಿಗೆ ಬಂತು. ನಿಮ್ಮ ತಮ್ಮ ಕೊನೆಯ ಸಲ ಹಡಗಿಗೆ ಹೊರಟದ್ದು ಗುಲಾಬಿ ಭಾನುವಾರ. ಗುಲಾಬಿ ಬಟ್ಟೆಯ ಗುರುಗಳನ್ನು ನೋಡಿ ನನ್ನ ಕಿವಿಯಲ್ಲಿ, “ಇವತ್ತು ಫಾದರ್ ಮದುವೆಮನೆಗೆ ಹೊರಟಂಗಿದ್ದಾರೆ” ಎಂದಿದ್ದರು. ನಗು ತಡೆಯಲಾರದೆ ನಾನು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಆ ಸೆರಗಿಗೆ ಅವರ ಕೈಯಿಂದ ಹತ್ತಿದ್ದ ಎಂಜಿನ್ ಎಣ್ಣೆಯ ವಾಸನೆ ಕೂಡ ನೆನಪಾಯಿತು. ಅವರ ಕೈ ಎಷ್ಟು ತೊಳೆದರೂ ಹಾಗೇ ಇರುತ್ತಿತ್ತು.

ಅತ್ತೆ ನನ್ನನ್ನು ಸಮಾಧಾನ ಮಾಡಲಿಲ್ಲ. ಅಳುವುದಕ್ಕೆ ಬಿಟ್ಟು ತಮ್ಮ ಕೋಣೆಗೆ ಹೋದರು. ಕಪಾಟಿನ ಬೀಗ ತೆಗೆಯುವ ಸದ್ದು ಕೇಳಿತು. ನಿಮ್ಮ ತಮ್ಮನ ಕರವಸ್ತ್ರದಲ್ಲಿ ಸುತ್ತಿದ್ದ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದರು. ಕಾಲಿನ ಬೆರಳಿನ ಬಣ್ಣ ಎದ್ದಿತ್ತು.

“ಇವನಿಗೊಂದು ಹೊಸ ಬಟ್ಟೆ ಹೊಲಿ. ಪಾಪ, ಇಷ್ಟು ವರ್ಷ ಕತ್ತಲಲ್ಲಿ ಕೂಡಿಹಾಕಿದ್ದೆ. ಅವನೇನು ಮಾಡಿದ್ದ?” ಅಂದರು. ಆಮೇಲೆ ಮರಿಯಮ್ಮನ ಕಡೆ ನೋಡಿ, “ಅವಳೂ ಮಗನನ್ನ ಕಳ್ಕೊಂಡೋಳೇ. ಹೋಗಿ ಹೋಗಿ ಅವಳ ಹತ್ರ ಜಗಳ ಆಡಿದ್ನಲ್ಲ” ಅಂದರು.

ನಾನು ಕೂಸಿನ ಕಾಲನ್ನು ಸೆರಗಿನಿಂದ ಒರೆಸಿದೆ.

“ಅವನು ಬರಲ್ಲ ಅಂತ ನನಗೆ ಗೊತ್ತಿರಲಿಲ್ವೇನೇ? ತಾಯಿಗೆ ಗೊತ್ತಾಗುತ್ತೆ. ಆದ್ರೆ ಅವನು ಸತ್ತ ಅಂದ ದಿನ ನೀನು ಈ ಮನೆ ಸೊಸೆ ಅಲ್ಲ, ಯಾರೂ ಅಲ್ಲ. ಎದ್ದು ಹೋಗ್ತೀಯ. ಮಗಳು ಕಂಬಿ ಹಿಂದೆ, ಮಗ ನೀರಿನ ಕೆಳಗೆ. ನಿನ್ನನ್ನೂ ಬಿಟ್ಟುಕೊಡು ಅಂದ್ರೆ ಹೇಗೆ? ಅದಕ್ಕೇ ಅವನನ್ನ ಸಾಯೋಕೆ ಬಿಡಲಿಲ್ಲ.”

ಇಷ್ಟು ಹೇಳಿ ಮುಖ ಒರೆಸಿಕೊಂಡು, “ಇನ್ನೇನು, ನಿನ್ನ ಕೈ ತಪ್ಪಿತು, ಬಟ್ಟೆ ಬದಲಾಯ್ತು, ಹೆಸರು ಹೊರಗೆ ಬಂತು. ಆದದ್ದು ಆಯ್ತು. ಆ ಸಿಸ್ಟರಿಗೆ ಬರ್ತೀನಿ ಅಂತ ಬರೆ” ಅಂದರು.

ನಾನು ಹೋಗಲ್ಲ ಅಂದೆ. ನಿಜವಾಗಿಯೂ ಅಂದೆ, ಅಕ್ಕ. ಬಾಗಿಲು ತೆರೆದ ಮೇಲೆ ಕಾಲು ಏಳಲಿಲ್ಲ. ಅತ್ತೆ ಸಿಟ್ಟಾದರು. “ನನ್ನ ಕಣ್ಣೆದುರಿಗೆ ಅವನ ಅಂಗಿಗೆ ಇನ್ನೊಂದು ಸಲ ಇಸ್ತ್ರಿ ಹಾಕಿದ್ರೆ ಆ ಪೆಟ್ಟಿಗೇನ ಕಿಟಕಿಯಿಂದ ಎಸೀತೀನಿ” ಅಂದರು. ಹಾರ್ಮೋನಿಯಂ ಟೀಚರಿಗೆ ಆಗಲೇ ಹೇಳಿದ್ದಾರೆ, ಅವಳು ತನ್ನ ಬಾಡಿಗೆ ಕೋಣೆ ಬಿಟ್ಟು ನಮ್ಮಲ್ಲಿ ಬಂದಿರುತ್ತಾಳಂತೆ. “ಅವಳ ಹಾಡು ಕೇಳ್ತಾ ಇದ್ರೆ ಸ್ವರ್ಗಕ್ಕೆ ಹೋಗೋ ಅವಸರ ತಾನಾಗೇ ಬರುತ್ತೆ” ಅಂತ ನಗುತ್ತಾರೆ. ನಕ್ಕಾದ ಮೇಲೆ ತುಂಬ ಹೊತ್ತು ಕಿಟಕಿಯ ಹತ್ತಿರ ನಿಲ್ಲುತ್ತಾರೆ.

ಸಿಸ್ಟರಿಗೆ ಬರುತ್ತೇನೆಂದು ಬರೆದಾಯಿತು, ನಾಳೆ ಬೆಳಿಗ್ಗೆ ಹೊರಡುತ್ತೇನೆ. ಕೂಸಿಗೆ ಬಿಳಿಯ ಅಂಗಿ ಹೊಲಿದು ಕೊಟ್ಟಿದ್ದೇನೆ. ನೀಲಿ ಅಂಗಿಯ ಕಾಲರಿನಲ್ಲಿ ತಿರುಗಿಸಿ ಹೊಲಿದ ಬದಿ ಇನ್ನೂ ಗಟ್ಟಿಯಿತ್ತು, ಅದನ್ನೇ ಅಂಚಿಗೆ ಹಾಕಿದೆ. ಕ್ರಿಸ್ಮಸ್ ದಿನ ಕೂಸನ್ನು ತೊಟ್ಟಿಯಲ್ಲಿ ಮಲಗಿಸುವುದು ಅತ್ತೆ ಒಬ್ಬರೇ. ನೀವು ಇದನ್ನು ಓದುವ ಹೊತ್ತಿಗೆ ಮಲಗಿಸಿರುತ್ತಾರೆ. ಅವತ್ತೇ ಅವರಿಗೆ ಬರೆಯಿರಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಟೀಚರ್ ಓದಿ ಹೇಳುವಾಗ ರಾಗ ಎಳೆಯುತ್ತಾಳೆ.

ಇನ್ನು ಮುಂದೆ ಕೆಳಗೆ ಏನೆಂದು ಸಹಿ ಹಾಕಬೇಕು ಎಂದು ಯೋಚಿಸಿದೆ. ನೀವು ಬೇಡ ಅನ್ನಲಾರಿರಿ.

ಇತಿ,
ನಿಮ್ಮ ತಂಗಿ

ತಾ.ಕ.: ಇಂದು ಮಧ್ಯಾಹ್ನ ಕೊನೆಯ ಸಲ ಖಾನೆಗಳನ್ನೆಲ್ಲ ತೆಗೆದು ನೋಡಿದೆ. ಹಸಿರಿನವು ಎರಡು ಜೊತೆ ಇವೆ. ಆ ವಾರ ಭಾನುವಾರದಿಂದ ನಾನು ಇಡುತ್ತಿದ್ದ ಜೊತೆಯನ್ನು ಬುಧವಾರದ ಗಾಬರಿಯಲ್ಲಿ ಹುಡುಕಲೇ ಇಲ್ಲ, ಮರುದಿನದಿಂದ ಇನ್ನೊಂದನ್ನೇ ಇಟ್ಟೆ. ಅದು ಇಂದು ಖಾನೆಯ ತಳದಲ್ಲಿ ಸಿಕ್ಕಿತು. ಅಚ್ಚುಕಟ್ಟಾಗಿ ಮಡಿಸಿತ್ತು, ಅಂಚು ಎಡಕ್ಕೆ. ಮೊಂಬತ್ತಿಯನ್ನು ಕೇಳಿದೆ, ಅವತ್ತು ಬೆಳಿಗ್ಗೆ ಬಟ್ಟೆಯ ಕೋಣೆಗೆ ಯಾರು ಹೋಗಿದ್ದರು ಎಂದು. “ನಾನು ಗಂಟೆ ಹಗ್ಗ ಹಿಡ್ಕೊಂಡಿದ್ದೆ, ನನಗೇನು ಬೆನ್ನಲ್ಲಿ ಕಣ್ಣಿದ್ಯಾ?” ಎಂದು ನಗುತ್ತಾ ಹೋದ. ಅತ್ತೆ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ‘ಸೊಸೆಯ ಕೈ ತಪ್ಪಿತು’ ಎಂದು ಹೇಳಿಕೊಂಡು ಬರುತ್ತಿದ್ದಾರೆ. ಹೇಳಿಕೊಳ್ಳಲಿ. ನೀವೂ ಅವರಿಗೆ ಇದರ ಬಗ್ಗೆ ಏನೂ ಬರೆಯಬೇಡಿ. ಆ ಬಟ್ಟೆಯನ್ನು ನಾನು ಮತ್ತೆ ಮಡಿಸಲಿಲ್ಲ, ಅವರು ಇಟ್ಟ ಹಾಗೆಯೇ ಇಟ್ಟು ಖಾನೆ ಮುಚ್ಚಿದೆ.